ಬೈಲಕುಪ್ಪೆಯ ಊಟ

ಜೆಪ್ಪಿನ ನಮ್ಮ ಮನೆಯಲ್ಲಿ ಕಳೆದ ವರ್ಷದ ಆಟಿ ತಿಂಗಳಿನಿಂದ ಎರಡು ಒಲೆಗಳು ಉರಿಯತೊಡಗಿದವು. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಎರಡು ಒಲೆ ಉರಿಯುವುದು ಲೋಕರೂಢಿ. ನಮ್ಮಲ್ಲಿ ಪಾಲಾದವರು ಅಜ್ಜಿ ಮತ್ತು ಮೊಮ್ಮಗಳು. ಪಾಲಿಗೆ ಕಾರಣವಾದುದು ಒಂದು ತುಂಡು ಮೀನು. ಎರಡು ಒಲೆಗಳಿಗೂ ಕಿಚ್ಚು ಹಚ್ಚುವ ಕೆಲಸ ಮಾತ್ರ ನನ್ನ ಮನೆಯಾಕೆಯ ಪಾಲಿಗೇ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ವಾಚಕರಲ್ಲಿ ನಮ್ಮ ಊರಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಜೆಪ್ಪು ಎಂಬುದು ಮಂಗಳೂರಿನ ದಕ್ಷಿಣದ ಅಂಚಿನಲ್ಲಿ ನೇತ್ರಾವತಿಯ ಗಾಳಿಗೆ ಮೈಯೊಡ್ಡಿಕೊಂಡಿರುವ ಭಾಗ. ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ಇಲ್ಲಿಯೇ. 1879ರಲ್ಲಿ ಸ್ಥಾಪನೆಯಾದ ಸಂತ ಜೋಸೆಫರ ಸೆಮಿನರಿ ಇರುವುದೂ ಇಲ್ಲಿಯೇ. ನನ್ನ ತಂದೆಯವರು ಹಂಚಿನ ಕೆಲಸದಲ್ಲಿ ಆಯುಷ್ಯ ಸವೆಸಿದವರು. ಸಂಜೆ ಕೈಗೆ ಹತ್ತಿದ ಆವೆಮಣ್ಣನ್ನು ತೊಳೆದುಕೊಂಡು ಕುಳಿತರೆಂದರೆ ಕುಚ್ಚಲಕ್ಕಿಯ ಗಂಜಿ, ಹೊಳೆಮೀನಿನ ಗಸಿ, ಇವೆರಡಿದ್ದರೆ ಅವರಿಗೆ ಮೂರನೆಯದು ಬೇಕಾಗಿರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಪ್ರತಿ ಆಟಿಯಲ್ಲಿಯೂ ನಮ್ಮ ಕಡೆಯ ಕಟ್ಟಳೆಯಂತೆ ತಾಯಿಯವರು ಬಾಳೆಯೆಲೆ ಹಾಸಿ, ತೀರಿಹೋದವರಿಗೆ ಪ್ರಿಯವಾಗಿದ್ದ ಪದಾರ್ಥಗಳನ್ನು ಬಡಿಸುತ್ತಾರೆ. ಬಾಗಿಲು ಮುಂದೆಮಾಡಿ ಒಂದಿಷ್ಟು ಹೊತ್ತು ಬಿಟ್ಟು, ಅನಂತರ ಮನೆಮಂದಿಯೆಲ್ಲ ಆ ಎಲೆಯಿಂದ ಒಂದೊಂದು ತುತ್ತು ಉಣ್ಣುವುದು ವಾಡಿಕೆ.

ಕಳೆದ ವರ್ಷ ನನ್ನ ಮಗಳು ಆ ತುತ್ತನ್ನು ಉಣ್ಣಲಿಲ್ಲ.

ಅವಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿದ್ದಾಳೆ. ಮೀನು ಮಾಂಸಗಳನ್ನಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನು, ಹೀಗೆ ಪ್ರಾಣಿಯಿಂದ ದೊರಕುವ ಎಲ್ಲವನ್ನೂ ಬಿಟ್ಟಿದ್ದಾಳೆ. ಇದಕ್ಕೆ ಇಂಗ್ಲಿಷಿನಲ್ಲಿ ವೀಗನ್ ಎಂದು ಹೆಸರು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು ಸಂಘವೊಂದನ್ನು ಕಟ್ಟಿ ಈ ಶಬ್ದವನ್ನು ಟಂಕಿಸಿದರು. ಕನ್ನಡದ ಅಧ್ಯಾಪಕನಾದ ನಾನು ಇದಕ್ಕೊಂದು ದೇಶೀ ಪದವನ್ನು ಹುಡುಕಿ ಸೋತಿದ್ದೇನೆ. 'ಶುದ್ಧ ಸಸ್ಯಾಹಾರ' ಎಂದರೆ ಹೋಟೆಲಿನ ಹಲಗೆಯ ಮೇಲಿನ ಅರ್ಥವೇ ಮನಸ್ಸಿಗೆ ಬರುತ್ತದೆ. ಅಲ್ಲಿ ತುಪ್ಪದ ದೋಸೆಗೆ ಅಗ್ರಸ್ಥಾನ. ಹಾಲು ಬಿಡುವುದೇಕೆಂದು ನಾನು ಕೇಳಿದಾಗ ಮಗಳು, "ಅಪ್ಪಾ, ಪುಣ್ಯಕೋಟಿಯ ಕಥೆ ಹೇಳಿಕೊಟ್ಟವರು ನೀವೇ ಅಲ್ಲವೆ? ಹಸು ಹುಲಿಯ ಹತ್ತಿರ ಅವಕಾಶ ಬೇಡಿದ್ದು ಕರುವಿಗೆ ಹಾಲೂಡಿಸುವುದಕ್ಕೆ. ನಮಗೆ ಕಾಫಿ ಮಾಡಿಕೊಡುವುದಕ್ಕಲ್ಲ" ಎಂದಳು. ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಈ ವ್ಯಾಖ್ಯಾನ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಆದರೆ ತಾಯಿಯವರಿಗೆ ವ್ಯಾಖ್ಯಾನದಿಂದ ಆಗಬೇಕಾದುದೇನು? ನಮ್ಮ ಮನೆಮಾತು ತುಳು. ಅವರು ಆಡಿದುದನ್ನು ಇಲ್ಲಿ ಕನ್ನಡಿಸಿ ಬರೆಯುತ್ತೇನೆ. "ಮೀನು ಬೇಡವಾದರೆ ಬೇಡ ಮಗಾ. ಆದರೆ ಅದು ಮೀನಲ್ಲ, ಅಜ್ಜನ ಎಲೆ. ನೀನು ಬೇಡವೆಂದದ್ದು ಅಜ್ಜನನ್ನು." ಇಷ್ಟು ಹೇಳಿ ಎದ್ದವರು ಅಂದಿನಿಂದ ಅವಳೊಡನೆ ಊಟಕ್ಕೆ ಕೂರಲಿಲ್ಲ. ಅವಳೂ ಹಟಮಾರಿ, ತನ್ನ ತಟ್ಟೆಯನ್ನು ಮೇಲುಪ್ಪರಿಗೆಗೆ ಒಯ್ದಳು. ನಡುವೆ ಕುಳಿತ ನಾನು ತಾಯಿಯವರ ಎದುರು ಮಗಳ ಪಕ್ಷವನ್ನೂ ಮಗಳ ಎದುರು ತಾಯಿಯವರ ಪಕ್ಷವನ್ನೂ ವಹಿಸಿ, ಇಬ್ಬರಿಂದಲೂ ಬೈಸಿಕೊಂಡೆ.

ಬೈಲಕುಪ್ಪೆಗೆ ಹೋಗೋಣವೆಂಬ ಸೂಚನೆ ಮನೆಯಾಕೆಯದು. ಅಲ್ಲಿಯ ಚಿನ್ನದ ಗುಡಿಯನ್ನು ನೋಡಬೇಕೆಂಬುದು ತಾಯಿಯವರ ಬಹುದಿನದ ಆಸೆ. 74 ವರ್ಷದ ಅವರ ಮೊಣಕಾಲುಗಳು ಇನ್ನೆಷ್ಟು ದಿನ ಸಹಕರಿಸುವುವೋ ಎಂಬ ಯೋಚನೆಯೂ ಇತ್ತು. ಕ್ರಿಸ್ಮಸ್ ರಜೆಯಲ್ಲಿ ನಾಲ್ವರೂ ಹೊರಟೆವು. ಪುತ್ತೂರು, ಸುಳ್ಯ ದಾಟಿ ಸಂಪಾಜೆಯ ಘಾಟಿಯನ್ನೇರಿ, ಮಡಿಕೇರಿಯಿಂದಿಳಿದು ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದರೆ ಮೈಸೂರು ಜಿಲ್ಲೆ ಆರಂಭವಾಗುತ್ತದೆ. ಅಲ್ಲಿಂದ ಕೆಲವೇ ಮೈಲಿ ಬೈಲಕುಪ್ಪೆ. ನೇತ್ರಾವತಿಯ ದಡದಿಂದ ಕಾವೇರಿಯ ದಡದವರೆಗೆ ಅಜ್ಜಿ ಒಂದು ಕಿಟಕಿಯತ್ತ, ಮೊಮ್ಮಗಳು ಇನ್ನೊಂದು ಕಿಟಕಿಯತ್ತ ಮುಖಮಾಡಿ ಕುಳಿತಿದ್ದರು.

ಬೈಲಕುಪ್ಪೆಯ ಕಥೆ ನಮ್ಮ ನಾಡಿನವರು ಹೆಮ್ಮೆಪಟ್ಟುಕೊಳ್ಳಬಹುದಾದ ಕಥೆ. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ನಿರಾಶ್ರಿತರು. ಹಿಮದ ನಾಡಿನಿಂದ ಬಂದವರಿಗೆ ನೆಲೆ ಬೇಕೆಂದಾಗ ಅಂದಿನ ಮೈಸೂರು ರಾಜ್ಯವು ಇಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ಈ ಸಂಬಂಧದಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1960ರ ಕೊನೆಯಲ್ಲಿ ಮೊದಲ ತಂಡ ಬಂದಿತು. ಡೇರೆಗಳಲ್ಲಿ ವಾಸ, ಮರ ಕಡಿಯುವ ಕೆಲಸ, ಆನೆಗಳ ಕಾಟ, ಕಂಡರಿಯದ ಸೆಕೆ. ಆ ಕಾಡು ಮುಸುಕಿನ ಜೋಳದ ಹೊಲವಾಯಿತು. ಮುಂದೆ ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿಯೂ, ಹುಣಸೂರು ಮತ್ತು ಕೊಳ್ಳೇಗಾಲದ ಸೀಮೆಗಳಲ್ಲಿ 1970ರ ದಶಕದಲ್ಲಿಯೂ ಇಂತಹ ವಸತಿಗಳಾದವು. ಲ್ಹಾಸಾದ ಬಳಿ 1419ರಲ್ಲಿ ಸ್ಥಾಪಿತವಾಗಿದ್ದ ಸೇರಾ ಮಹಾವಿಹಾರ ಇಲ್ಲಿ ಮರುಹುಟ್ಟು ಪಡೆಯಿತು. ಪೆನೋರ್ ರಿಂಪೋಚೆಯವರು 1963ರಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿಯೇ, 1999ರಲ್ಲಿ ತೆರೆದ ಚಿನ್ನದ ಗುಡಿಯಿರುವುದು.

ಗುಡಿಯೊಳಗೆ 60 ಅಡಿಗಳಿಗೆ ಸಮೀಪವಾದ ಮೂರು ಬಂಗಾರದ ಬಣ್ಣದ ಮೂರ್ತಿಗಳು: ನಡುವೆ ಬುದ್ಧ, ಪಕ್ಕಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯು. ತಾಯಿಯವರು ಕೈಮುಗಿದು ಬಹಳ ಹೊತ್ತು ನಿಂತರು. "ಇಷ್ಟು ದೊಡ್ಡ ದೇವರಿಗೆ ನೈವೇದ್ಯ ಎಂತದು?" ಎಂಬುದು ಅವರ ಮೊದಲ ಪ್ರಶ್ನೆ. ಮೂರ್ತಿಗಳ ಮುಂದೆ ಸಾಲಾಗಿ ಇಟ್ಟ ನೀರಿನ ಬಟ್ಟಲುಗಳನ್ನು ಮಗಳು ತೋರಿಸಿದಳು. ಬೆಳಗಿನಿಂದ ಇಬ್ಬರ ನಡುವೆ ನಡೆದ ಮೊದಲ ವ್ಯವಹಾರ ಅದು.

ಮಧ್ಯಾಹ್ನದ ಹೊತ್ತಿಗೆ ಹಸಿವಾಯಿತು. ನಾಲ್ಕು ಮಂದಿಗೂ ಸಲ್ಲುವ ಊಟ ಸಿಗುವ ಸ್ಥಳವೆಲ್ಲಿ? ಮಗಳು ಮೊದಲೇ ವಿಚಾರಿಸಿಟ್ಟುಕೊಂಡಿದ್ದಳೆಂದು ತೋರುತ್ತದೆ. ಓಣಿಯೊಂದರ ತುದಿಯ ಸಣ್ಣ ಟಿಬೆಟನ್ ಉಪಾಹಾರಗೃಹಕ್ಕೆ ಕರೆದೊಯ್ದಳು. ಐದೇ ಮೇಜುಗಳು. ಗೋಡೆಯ ಮೇಲೆ ಪೋತಲ ಅರಮನೆಯ ಚಿತ್ರ, ಅದರ ಕೆಳಗೆ ಒಂದು ದೀಪ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಗಳೂ ಇಲ್ಲ ಎಂದು ಮೂರು ಭಾಷೆಗಳಲ್ಲಿ ಬರೆದ ಹಲಗೆಯಲ್ಲಿ ಕನ್ನಡವೂ ಇದ್ದುದು ನನಗೆ ಸಂತೋಷವನ್ನುಂಟುಮಾಡಿತು. ಒಂದು ಒತ್ತಕ್ಷರ ತಪ್ಪಿತ್ತು; ತಿದ್ದಲು ಹೋಗಲಿಲ್ಲ.

ಟಿಬೆಟದವರಲ್ಲಿ ಮಾಂಸವಿಲ್ಲದ ಊಟವೆಂದರೆ ಸಾಮಾನ್ಯ ಸಂಗತಿಯಲ್ಲ. ಆ ಪ್ರಸ್ಥಭೂಮಿಯ ಬಹುಭಾಗ 4000 ಮೀಟರಿಗೂ ಎತ್ತರ. ಅಲ್ಲಿ ಬೆಳೆಯುವುದು ಮುಖ್ಯವಾಗಿ ಬಾರ್ಲಿ; ಅದನ್ನು ಹುರಿದು ಬೀಸಿದ 'ಸಂಪಾ' ಹಿಟ್ಟು ಅವರ ಗಂಜಿಯನ್ನ. ತರಕಾರಿ ಅಪರೂಪ, ಚಳಿ ಘೋರ. ಆದುದರಿಂದ ಬೌದ್ಧರಾಗಿಯೂ ಮಾಂಸವನ್ನು ಬಿಡುವುದು ಅವರಿಗೆ ಕಠಿನವಾಯಿತು. ಹಾಗೆಂದು ಒಳಗಿನ ಅಳುಕು ಇರಲಿಲ್ಲವೆಂದಲ್ಲ. ಆಮ್ದೋ ಪ್ರಾಂತದ ಶಬ್ಕರ್ ಎಂಬ ಯೋಗಿ (1781-1851) ಮಾಂಸಾಹಾರವನ್ನು ಖಂಡಿಸಿ ಬರೆದನು. ದಲೈ ಲಾಮಾ ಅವರೂ 1965ರ ಸುಮಾರಿಗೆ ಮಾಂಸವನ್ನು ತ್ಯಜಿಸಿ, ಒಂದೂವರೆ ವರ್ಷಕ್ಕೂ ಮೀರಿ ನಡೆಸಿ, ಕಾಮಾಲೆಗೆ ತುತ್ತಾದ ಮೇಲೆ ವೈದ್ಯರ ಮಾತಿಗೆ ಮಣಿದು ಮರಳಬೇಕಾಯಿತು. 2007ರ ಜನವರಿಯಲ್ಲಿ 17ನೆಯ ಕರ್ಮಪಾ ಓಗ್ಯೆನ್ ತ್ರಿನ್ಲೆ ದೋರ್ಜೆ ಅವರು ಬೋಧಗಯೆಯಲ್ಲಿ ತಮ್ಮ ಪಂಥದ ವಿಹಾರಗಳ ಅಡಿಗೆಮನೆಗಳಲ್ಲಿ ಮಾಂಸ ಬೇಯಬಾರದೆಂದು ಹೇಳಿದರು. ನಮ್ಮ ಮಗಳ ತಲೆಮಾರಿನ ಪ್ರಶ್ನೆ ಹಿಮಾಲಯದ ಆಚೆಯೂ ಬಹುಕಾಲದಿಂದ ಕೇಳಿಬರುತ್ತಿರುವ ಪ್ರಶ್ನೆಯೆಂಬುದು ಇದರಿಂದ ಸ್ಪಷ್ಟ.

ಅಂಗಡಿಯಾಕೆ ನಡುವಯಸ್ಸಿನವರು, ಇಲ್ಲಿಯೇ ಹುಟ್ಟಿ ಬೆಳೆದವರು. ಉದ್ದ ನಿಲುವಂಗಿಯ ಮೇಲೆ ಪಟ್ಟೆಪಟ್ಟೆಯ ಮುಂಗವಚ. "ಬನ್ನಿ ಅಮ್ಮ, ಈ ಕಡೆ ಕೂತ್ಕೊಳ್ಳಿ, ಗಾಳಿ ಬರುತ್ತೆ" ಎಂದು ಅಪ್ಪಟ ಮೈಸೂರು ಸೀಮೆಯ ಕನ್ನಡದಲ್ಲಿ ತಾಯಿಯವರನ್ನು ಕೈಹಿಡಿದು ಕೂರಿಸಿದರು. ನಮ್ಮ ತಾಯಿಯವರ ಕನ್ನಡಕ್ಕಿಂತ ಅವರ ಕನ್ನಡವೇ ಸರಾಗವಾಗಿತ್ತು.

ಮೊದಲು ಬಂದುದು ಮೊಮೊ. ಮೈದಾದ ತೆಳುಹಾಳೆಯೊಳಗೆ ಕೋಸು, ಅಣಬೆ, ಈರುಳ್ಳಿಗಳ ಹೂರಣವಿಟ್ಟು ನಿರಿಗೆ ಹಿಡಿದು ಹಬೆಯಲ್ಲಿ ಬೇಯಿಸಿದ್ದು. ಜೊತೆಗೆ ಕೆಂಪು ಮೆಣಸಿನ ಚಟ್ನಿ. ಅನಂತರ ತಿಂಗ್ಮೊ: ಹುದುಗಿದ ಹಿಟ್ಟನ್ನು ಸುರುಳಿ ಸುತ್ತಿ ಹಬೆಯಲ್ಲಿ ಉಬ್ಬಿಸಿದ, ಒಳಗೆ ಏನೂ ಇಲ್ಲದ ಬಿಳಿಯ ಕಡುಬು. ತಾಯಿಯವರು ಅದನ್ನು ಬೆರಳಿನಿಂದ ಒತ್ತಿನೋಡಿದರು. "ಇದು ನಮ್ಮ ಮೂಡೆಯ ತಂಗಿ. ಎಲೆ ಸುತ್ತುವುದೊಂದು ಬಾಕಿ" ಎಂದರು. ಕೇದಗೆಯ ಎಲೆಯಲ್ಲಿ ಬೇಯುವ ಮೂಡೆ, ಹಲಸಿನ ಎಲೆಯ ಕೊಟ್ಟಿಗೆ, ಇವನ್ನು ಅಂಗಡಿಯಾಕೆಗೆ ಕೈಯಾಡಿಸಿ ವರ್ಣಿಸಿದರು. ಹಬೆಯೆಂಬ ಒಂದೇ ವಿದ್ಯೆ ಇಬ್ಬರನ್ನೂ ನೆಂಟರನ್ನಾಗಿಸಿತು. ಬಳಿಕ ಲಾಫಿಂಗ್ ಎಂಬ ಹೆಸರುಕಾಳಿನ ಪಿಷ್ಟದ ತಣ್ಣನೆಯ ಪದಾರ್ಥ. ವಿನೆಗರು, ಬೆಳ್ಳುಳ್ಳಿ, ಖಾರಗಳ ಸಾರದಲ್ಲಿ ನಡುಗುತ್ತಿತ್ತು. ಅದನ್ನು ನಾನು ಎರಡು ಬಾರಿ ಹಾಕಿಸಿಕೊಂಡೆ.

ತೊಡಕು ಬಂದುದು ತುಕ್ಪದಲ್ಲಿ. ಬಿಸಿಬಿಸಿ ಸಾರಿನಲ್ಲಿ ಉದ್ದ ಶಾವಿಗೆ, ಸೊಪ್ಪು, ಮೂಲಂಗಿಗಳ ನಡುವೆ ಕಂದುಬಣ್ಣದ ತುಂಡುಗಳು. ತಾಯಿಯವರು ಒಂದನ್ನು ಅಗಿದು, ನನ್ನ ಮುಖ ನೋಡಿದರು. "ಇದು ಕೋಳಿಯಲ್ಲವಾ?" ಅಲ್ಲ, ಸೋಯಾ ಅವರೆಯ ಹಿಟ್ಟಿನಿಂದ ಮಾಡಿದ್ದು ಎಂದು ಅಂಗಡಿಯಾಕೆ ವಿವರಿಸಿದರು. ತಾಯಿಯವರ ಮುಖದಲ್ಲಿ ಜಯದ ನಗೆಯೊಂದು ಮಿಂಚಿತು. "ಬಿಟ್ಟದ್ದನ್ನೇ ಹಿಟ್ಟಿನಲ್ಲಿ ಮಾಡಿ ತಿನ್ನುವುದಾದರೆ ಬಿಡುವುದು ಯಾಕೆ?"

ನನ್ನೊಳಗಿನ ಅಧ್ಯಾಪಕ ತಡೆಯಲಾರದೆ ಬಾಯಿಹಾಕಿದ. ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯಲ್ಲಿ ಇದೇ ಪ್ರಶ್ನೆಯಿದೆ. ರಾಜಮಾತೆ ಚಂದ್ರಮತಿ ಮಗನ ಕೆಟ್ಟ ಕನಸಿನ ಪರಿಹಾರಕ್ಕೆ ದೇವಿಗೆ ಬಲಿಯಾಗಬೇಕೆನ್ನುತ್ತಾಳೆ. ಜೀವಹಿಂಸೆಗೆ ಮಗನ ಮನಸ್ಸು ಒಪ್ಪದು. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿ ಕಡಿಯುವುದೆಂದು ಗೊತ್ತಾಗುತ್ತದೆ. ಕಡಿದಾಗ ಅದು ಕೂಗುತ್ತದೆ! ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾದುದರಿಂದ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ಸುತ್ತಬೇಕಾಗುತ್ತದೆ. ಕಥೆಯನ್ನು ಮುಗಿಸಿ, ಜನ್ನನ ತೀರ್ಪು ಅಮ್ಮನ ಕಡೆಗಿದೆಯೆಂದು ನಾನು ಬೀಗಿದೆ.

ಮಗಳು ತುಕ್ಪದ ಬಟ್ಟಲನ್ನು ಕೆಳಗಿಟ್ಟಳು. "ಆ ಕಥೆಯಲ್ಲಿ ಕೈಯಲ್ಲಿ ಹಿಟ್ಟು, ಮನಸ್ಸಿನಲ್ಲಿ ಕೋಳಿ ಕಡಿಯುವ ಆಸೆ. ಇಲ್ಲಿ ಕೈಯಲ್ಲಿಯೂ ಹಿಟ್ಟು, ಮನಸ್ಸಿನಲ್ಲಿಯೂ ಕೊಲ್ಲಬಾರದೆಂಬುದೇ. ಸಂಕಲ್ಪ ಲೆಕ್ಕವಾದರೆ ನನ್ನ ಸಂಕಲ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಪ್ಪಾ." ನಾನು ಲಾಫಿಂಗಿನ ಬಟ್ಟಲಿನ ಕಡೆಗೆ ಗಮನ ಹರಿಸಿದೆ.

ಅಷ್ಟರಲ್ಲಿ ಚಹಾ ಬಂದಿತು. ಟಿಬೆಟದ ಚಹಾ ಎಂದರೆ ಉಪ್ಪು ಬೆಣ್ಣೆಗಳನ್ನು ಹಾಕಿ ಉದ್ದ ಕೊಳವೆಯಂತಹ ಮರದ ಕಡೆಗೋಲುಪಾತ್ರೆಯಲ್ಲಿ ಕಡೆದುದೆಂದು ಓದಿದ್ದೆ. ಯಾಕ್ ಎಂಬುದು ಗಂಡಿನ ಹೆಸರು. ಹಾಲು ಕೊಡುವ ಹೆಣ್ಣಿಗೆ 'ದ್ರಿ' ಎನ್ನುತ್ತಾರಾದುದರಿಂದ ಯಾಕಿನ ಬೆಣ್ಣೆ ಎಂಬ ಮಾತನ್ನು ಕೇಳಿದರೆ ಅವರು ನಗುತ್ತಾರಂತೆ. ಇಲ್ಲಿ ಬೆಣ್ಣೆಯೇ ಇರಲಿಲ್ಲ. ಬರಿಯ ಉಪ್ಪಿನ ಕಪ್ಪು ಚಹಾ. ಹಾಲಿನ ಚಹಾದ ದಾಸನಾದ ನನಗೆ ಮೊದಲ ಗುಟುಕು ಶಿಕ್ಷೆಯಂತಿತ್ತು, ಮೂರನೆಯದು ಅಭ್ಯಾಸವಾಯಿತು.

"ಬೆಣ್ಣೆ ಬಿಟ್ಟದ್ದು ಕಷ್ಟವಾಗಲಿಲ್ಲವಾ ಮಗಾ?" ಎಂದು ತಾಯಿಯವರು ಅಂಗಡಿಯಾಕೆಯನ್ನು ಕೇಳಿದರು. ಆಕೆ ಪಕ್ಕದ ಕುರ್ಚಿಯನ್ನೆಳೆದುಕೊಂಡು ಕುಳಿತರು.

"ಬೆಣ್ಣೆ ಆಮೇಲೆ ಬಿಟ್ಟಿದ್ದು ಅಮ್ಮ. ಹೊರಗಿನಿಂದ ಬರೋ ಗಿರಾಕಿಗಳು ಕೇಳ್ತಿದ್ದರು, ಅದಕ್ಕೆ ಬಿಟ್ಟೆ. ಮಾಂಸ ಬಿಟ್ಟದ್ದು ನಮ್ಮಮ್ಮ ಹೋದಾಗ." ಅವರ ತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಬೆಟ್ಟ ದಾಟಿ ಬಂದವರು, ಕಾಡು ಕಡಿದವರ ಸಾಲಿನಲ್ಲಿ ನೀರು ಹೊತ್ತು ಬೆಳೆದವರು. ಸತ್ತವರ ಜೀವ 49 ದಿನ ನಡುದಾರಿಯಲ್ಲಿರುತ್ತದೆಂಬುದು ಅವರ ನಂಬಿಕೆ. ಅಷ್ಟು ದಿನವೂ ಲಾಮಾಗಳು ಪಾಠ ಓದುತ್ತಾರೆ. ಮನೆಯವರು ದೀಪ ಹಚ್ಚಿ, ಪುಣ್ಯದ ಕೆಲಸ ಮಾಡಿ, ಆ ಪುಣ್ಯವನ್ನು ಹೋದವರ ಹೆಸರಿಗೆ ಬಿಡುತ್ತಾರೆ. "ನಮ್ಮಮ್ಮನಿಗೆ ಮಾಂಸದ ಮೊಮೊ ಅಂದರೆ ಪ್ರಾಣ. ಆದರೆ ಅಮ್ಮನ ಹೆಸರಲ್ಲಿ 49 ದಿನ ನಾನು ಮಾಂಸ ಮುಟ್ಟಲಿಲ್ಲ. 50ನೇ ದಿನ ಒಲೆ ಮುಂದೆ ನಿಂತೆ, ಕೈ ಬರಲಿಲ್ಲ. ಅಮ್ಮನಿಗೆ ಅಂತ ಬಿಟ್ಟದ್ದು, ವಾಪಸ್ ತಗೊಂಡ ಹಾಗಾಗುತ್ತೆ ಅನ್ನಿಸಿತು."

ತಾಯಿಯವರು ಸುಮ್ಮನಾದರು. ಚಹಾದ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದು, ಕೊನೆಗೆ ನನಗೆ ತುಳುವಿನಲ್ಲಿ ಹೇಳಿದರು: "ನಾವು ಹೋದವರಿಗೆ ಅವರ ಇಷ್ಟದ್ದನ್ನು ಬಡಿಸುತ್ತೇವೆ. ಇವಳು ಹೋದವರಿಗೆ ಅವರ ಇಷ್ಟದ್ದನ್ನೇ ಬಿಟ್ಟಳು. ಎರಡೂ ಅಲ್ಲಿಗೆ ಮುಟ್ಟುತ್ತದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟು, "ಅಜ್ಜಾ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೊಳೆಬದಿಗೆ ಹೋಗುತ್ತಿದ್ದರಲ್ಲ ಅಜ್ಜಿ, ಅಲ್ಲಿ ಗಾಳದಲ್ಲಿ ಒದ್ದಾಡುವ ಮೀನನ್ನು ನೋಡಿ ನಾನು ಅತ್ತರೆ ಅಜ್ಜಾ ಅದನ್ನು ತಿರುಗಿ ನೀರಿಗೆ ಬಿಡುತ್ತಿದ್ದರು. ನನಗೆ ಅದೇ ನೆನಪು" ಎಂದಳು. ಈ ಸಂಗತಿ ನನಗೆ ತಿಳಿದಿರಲಿಲ್ಲ. ತಾಯಿಯವರಿಗೂ ತಿಳಿದಿರಲಿಲ್ಲವೆಂದು ಅವರ ಮುಖದಿಂದ ಗೊತ್ತಾಯಿತು. "ಹಾಗೆ ಬಿಟ್ಟು ಬಂದ ದಿನವೇ ಇರಬೇಕು, ಇವತ್ತು ಮೀನು ಸಿಗಲಿಲ್ಲ ಅಂತ ನನ್ನ ಹತ್ತಿರ ಸುಳ್ಳು ಹೇಳಿದ್ದು" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡದ್ದು ಮೆಣಸಿನ ಚಟ್ನಿಯ ಖಾರಕ್ಕೆಂದು ಹೇಳಿದರು, ನಾವೂ ನಂಬಿದೆವು.

ಅಂಗಡಿಯಾಕೆಗೆ ನಮ್ಮ ಮನೆಯ ಮೀನಿನ ವ್ಯಾಜ್ಯವನ್ನು ಮನೆಯಾಕೆ ವಿವರಿಸಿದಾಗ ಆಕೆ ನಗುತ್ತ ಒಂದು ಮಾತು ಹೇಳಿದರು. ಟಿಬೆಟದ ಹಳಬರಲ್ಲಿ ಮಾಂಸ ತಿನ್ನುವವರೂ ಮೀನನ್ನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ. ಒಂದು ಯಾಕನ್ನು ಕೊಂದರೆ ಹಲವು ಸಂಸಾರಗಳ ಚಳಿಗಾಲ ಕಳೆಯುತ್ತದೆ, ಹೋಗುವುದು ಒಂದೇ ಜೀವ. ಸಣ್ಣ ಮೀನಾದರೆ ಒಬ್ಬನ ಒಂದು ಊಟಕ್ಕೇ ಎಷ್ಟೋ ಜೀವ. ತಾಯಿಯವರು ಬೆರಳು ಮಡಿಸಿ ಏನನ್ನೋ ಎಣಿಸತೊಡಗಿದರು. ಬೂತಾಯಿ ಮೀನಿನ ಲೆಕ್ಕವಿರಬೇಕು. ಎರಡು ಕೈಯ ಬೆರಳೂ ಮುಗಿದಾಗ, "ಹಾಗೆಲ್ಲ ಲೆಕ್ಕ ಹಾಕಿದರೆ ಗಂಜಿ ಇಳಿಯಲಿಕ್ಕಿಲ್ಲ" ಎಂದು ನಿಲ್ಲಿಸಿಬಿಟ್ಟರು.

ಹಿಂತಿರುಗುವಾಗ ಸಂಪಾಜೆಯ ಇಳಿಜಾರಿನಲ್ಲಿ ಅಜ್ಜಿ ಮೊಮ್ಮಗಳ ಭುಜಕ್ಕೊರಗಿ ನಿದ್ದೆಹೋಗಿದ್ದರು. ಆದರೆ ಒಂದು ಊಟದಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ವಾಚಕರು ನಂಬಬಾರದು. ಮರುದಿನವೇ ಮನೆಯಲ್ಲಿ ಬಂಗುಡೆ ಹುರಿದ ವಾಸನೆ. ಮಗಳು ತಟ್ಟೆಯೊಡನೆ ಮೇಲುಪ್ಪರಿಗೆ ಹತ್ತಿದಳು. ಬದಲಾವಣೆ ಬಂದುದು ನಿಧಾನವಾಗಿ, ಕಾಯಿಹಾಲಿನ ದಾರಿಯಿಂದ. ಒಂದು ದಿನ ತಾಯಿಯವರು ನನ್ನನ್ನು ಕರೆದು, "ತೆಂಗಿನಕಾಯಿಯದ್ದೂ ಹಾಲೇ ಅಲ್ಲವಾ, ಅದನ್ನು ಕುಡಿಯುತ್ತಾಳಾ?" ಎಂದು ಕೇಳಿದರು. ಕನ್ನಡದಲ್ಲಿ ಹಸುವಿನದೂ ಹಾಲು, ತೆಂಗಿನದೂ ಹಾಲು, ಮರದ ಕೆತ್ತೆಯಿಂದ ಒಸರುವುದೂ ಹಾಲು. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಕೆತ್ತೆ ಕೊಡುವ ಮರಕ್ಕೆ ಹಾಲೆಮರವೆಂದೇ ಹೆಸರು. ಆ ಕಹಿಯ ಮೇಲೆ ಕುಡಿಯುವ ಮೆಂತೆಗಂಜಿಗೆ ಬೀಳುವುದು ಕಾಯಿಹಾಲು. ಪತ್ರೊಡೆ, ಕಣಿಲೆಯ ಪಲ್ಯ, ತಗತೆಸೊಪ್ಪು, ಉಪ್ಪಿನಲ್ಲಿಟ್ಟ ಹಲಸು, ಹೀಗೆ ಎಣಿಸುತ್ತ ಹೋದರೆ ನಮ್ಮ ಬಡತನದ ಆಟಿಯ ಅಡಿಗೆಯಲ್ಲಿ ಮಗಳ ಪಥ್ಯಕ್ಕೆ ಸಲ್ಲದ ಪದಾರ್ಥಗಳೇ ಕಡಿಮೆ. ಇದನ್ನು ಕಂಡುಹಿಡಿಯಲು ನಾವು ಸುಮಾರು 170 ಕಿಲೋಮೀಟರು ಹೋಗಿ ಟಿಬೆಟದ ಕಡುಬನ್ನು ತಿನ್ನಬೇಕಾಯಿತು.

ಈ ವರ್ಷದ ಆಟಿಯಲ್ಲಿ ತಂದೆಯವರಿಗೆ ಎಲೆ ಹಾಸಿದೆವು. ಕೆಸುವಿನ ಎಲೆಗಳನ್ನು ಕೊಯ್ದು, ನಾರು ತೆಗೆದು, ಹಿಟ್ಟು ಸವರಿ ಪತ್ರೊಡೆಯನ್ನು ಸುತ್ತಿದವಳು ಮಗಳು. ಹೊಳೆಮೀನಿನ ಗಸಿಯನ್ನು ಮಾಡಿದವರು ತಾಯಿಯವರು. ಎರಡನ್ನೂ ಎಲೆಯಲ್ಲಿ ಬಡಿಸಿ, ಬಾಗಿಲು ಮುಂದೆಮಾಡಿ, ಹೊರಗಿನ ಜಗಲಿಯಲ್ಲಿ ಮಳೆ ನೋಡುತ್ತ ಕುಳಿತೆವು. ಒಳಗೆ ಬಂದ ಮೇಲೆ ತಾಯಿಯವರು ಎಲೆಯಿಂದ ಒಂದೊಂದು ತುತ್ತನ್ನು ಎಲ್ಲರಿಗೂ ಕೊಟ್ಟರು. ಮಗಳ ಸರದಿ ಬಂದಾಗ ಅವರ ಕೈ ಗಸಿಯ ಬಳಿ ಒಂದು ಕ್ಷಣ ತಡೆಯಿತು. ಬಳಿಕ ಪತ್ರೊಡೆಯ ತುಂಡೊಂದನ್ನು ಮುರಿದು ಅವಳ ಅಂಗೈಯಲ್ಲಿಟ್ಟರು.

"ಇದೂ ನಿನ್ನ ಅಜ್ಜನಿಗೆ ಇಷ್ಟವೇ" ಎಂದರು.

ತಂದೆಯವರಿಗೆ ಪತ್ರೊಡೆ ತಿಂದರೆ ಗಂಟಲು ತುರಿಸುತ್ತಿತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಲೆಗಳು ಎರಡೇ ಇದ್ದರೂ ಊಟಕ್ಕೆ ಕೂರುವ ಸಾಲು ಒಂದೇ ಆಗಿದೆ.